ಇಲ್ಲದ ಫ್ಲಾಪಿಯಿಂದ ಒದಗಿದ ಆಪತ್ತು

ಕಲಾವಿಭಾಗದ ವಿದ್ಯಾರ್ಥಿಯು ಗಣಕಯಂತ್ರದ ವಿಷಯವಾಗಿ ಬರೆಯಹೊರಟರೆ ನಗುವವರುಂಟು. ಆದರೆ ನಮ್ಮ ಪ್ರವೇಶಪತ್ರ, ಅಂಕಪಟ್ಟಿಗಳೆಲ್ಲ ಇಂದು ಎಲ್ಲಿಯೋ ದೂರದ ಗಣಕಗಳಲ್ಲಿ ಇರುವುದರಿಂದ ಈ ವಿಷಯ ನಮಗೂ ಸೇರಿದ್ದೆಂದೇ ನನ್ನ ಭಾವನೆ.

ಕೋಲಾರದ ಹಳೆಯ ವಠಾರಗಳಲ್ಲಿ ಒಂದೇ ಸೂರಿನ ಕೆಳಗೆ ಹತ್ತು ಸಂಸಾರಗಳು ಬೇರೆ ಬೇರೆ ಬಾಗಿಲು ಹಾಕಿಕೊಂಡು ಬಾಳುವುದಿಲ್ಲವೇ? ಹಾಗೆಯೇ ಒಂದು ದೊಡ್ಡ ಗಣಕದೊಳಗೆ ಹತ್ತಾರು ಗಣಕಗಳನ್ನು ಸಂಸಾರ ಹೂಡಿಸುವ ತಂತ್ರಾಂಶಗಳಿವೆ. ಪ್ರತಿಯೊಂದು ಒಳಗಣಕವೂ ತನಗೆ ಸ್ವಂತ ಕೀಲಿಮಣೆ, ಸ್ವಂತ ಡಿಸ್ಕ್ ಇದೆಯೆಂದೇ ನಂಬಿರುತ್ತದೆ. ವಾಸ್ತವವಾಗಿ ಅವೆಲ್ಲವೂ ತಂತ್ರಾಂಶವು ಕಟ್ಟಿದ ವೇಷಗಳು. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ ಎಂಬವರು 2003ರಲ್ಲಿ ಹೊರತಂದ 'ಕ್ಯೂಎಮು' ಇಂಥದೊಂದು.

2015ರ ಮೇ ತಿಂಗಳಲ್ಲಿ ಜೇಸನ್ ಗೆಫ್ನರ್ ಎಂಬ ಸಂಶೋಧಕರು ಇದರ ಒಂದು ದೋಷವನ್ನು ಬಯಲಿಗೆ ತಂದರು. 'ವೆನಮ್', ಅಂದರೆ ವಿಷ, ಎಂದು ಅದಕ್ಕೆ ಹೆಸರಾಯಿತು. ದೋಷವಿದ್ದುದು ಫ್ಲಾಪಿ ಡಿಸ್ಕಿನ ನಿಯಂತ್ರಕದ ವೇಷದಲ್ಲಿ. (ನಮ್ಮ ತರಗತಿಯಲ್ಲಿ ಫ್ಲಾಪಿಯನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ!) 2004ರಿಂದ ಹನ್ನೊಂದು ವರ್ಷ ಅದು ಅಲ್ಲಿಯೇ ಅಡಗಿತ್ತು. ಫ್ಲಾಪಿ ಬೇಡವೆಂದರೂ ನಿಯಂತ್ರಕ ಮಾತ್ರ ಉಳಿದೇ ಇರುತ್ತಿತ್ತು.

ದೋಷದ ಸ್ವರೂಪವನ್ನು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿಟ್ಟು ನೋಡೋಣ. 512 ಗುಳಿಗಳ ಒಂದು ಉದ್ದನೆಯ ಪೆಟ್ಟಿಗೆಯಿದೆಯೆಂದು ಭಾವಿಸಿರಿ. ಆಳು ಗುಳಿಗೊಂದು ಹಣ್ಣಿಟ್ಟು ಬೆರಳನ್ನು ಮುಂದಕ್ಕೆ ಸರಿಸುತ್ತಾನೆ. ಒಂದು ಅಪ್ಪಣೆ ಮುಗಿದೊಡನೆ ಬೆರಳು ಮೊದಲ ಗುಳಿಗೆ ಮರಳಬೇಕು. ನಿಯಂತ್ರಕದ ಎರಡು ಅಪ್ಪಣೆಗಳಲ್ಲಿ ಮಾತ್ರ ಇದು ತಪ್ಪಿತ್ತು. ಒಂದರಲ್ಲಿ ಬೆರಳು ತಡವಾಗಿ ಮರಳುತ್ತಿತ್ತು, ಇನ್ನೊಂದರಲ್ಲಿ ಕೆಲವೊಮ್ಮೆ ಮರಳುತ್ತಲೇ ಇರಲಿಲ್ಲ. ಇದನ್ನರಿತವನು ಹಣ್ಣು ಕಳುಹಿಸುತ್ತಲೇ ಇದ್ದರೆ 513ನೆಯದು ಪೆಟ್ಟಿಗೆಯ ಆಚೆ, ಮಂಡಿಯವರ ಲೆಕ್ಕದ ಪುಸ್ತಕದ ಮೇಲೆ ಬೀಳುತ್ತದೆ. ಲೆಕ್ಕ ಕೆಟ್ಟು ತಂತ್ರಾಂಶ ಕುಸಿಯುತ್ತದೆ. ಅಷ್ಟಕ್ಕೇ ಮುಗಿದರೆ ಪುಣ್ಯ. ಕುಯುಕ್ತಿಯುಳ್ಳವನು ಆ ಪುಸ್ತಕದಲ್ಲಿ ತನಗೆ ಬೇಕಾದುದನ್ನೇ ಬರೆದು, ತನ್ನ ಕೋಣೆಯಿಂದ ಇಡೀ ವಠಾರಕ್ಕೆ ನುಗ್ಗುವ ಸಂಭವವೂ ಇತ್ತು.

ಪರಿಹಾರವು ಕೆಲವೇ ಸಾಲುಗಳದು. ಬೆರಳಿನ ಎಣಿಕೆಯನ್ನು 512ರಿಂದ ಭಾಗಿಸಿ, ಉಳಿದ ಶೇಷವನ್ನೇ ಗುಳಿಯ ಸಂಖ್ಯೆಯೆಂದು ಹಿಡಿದರು. ಗಡಿಯಾರದಲ್ಲಿ 12ರ ನಂತರ ಮತ್ತೆ 1 ಬರುವಂತೆ, ಎಣಿಕೆ ಎಷ್ಟೇ ಬೆಳೆದರೂ ಪೆಟ್ಟಿಗೆಯನ್ನು ದಾಟಲಾರದು. ತಪ್ಪಿದ ಅಪ್ಪಣೆಗಳನ್ನು ಒಂದೊಂದಾಗಿ ಹುಡುಕುತ್ತ ಹೋಗದೆ, ಹಣ್ಣಿಡುವ ಮತ್ತು ತೆಗೆಯುವ ಜಾಗದಲ್ಲಿಯೇ ಕಾವಲಿಟ್ಟ ಈ ಜಾಣ್ಮೆ ನನಗೆ ಬಹಳ ಹಿಡಿಸಿತು.

ತಿದ್ದುಪಡಿ ಬಂದ ಮೇಲೂ ಒಂದು ಕೆಲಸ ಉಳಿದಿತ್ತು. ಓಡುತ್ತಿರುವ ಒಳಗಣಕದ ಹಿಂದೆ ದುಡಿಯುವುದು ತಂತ್ರಾಂಶದ ಹಳೆಯ ಪ್ರತಿಯೇ. ಆದುದರಿಂದ ಒಳಗಿನಿಂದ ಮರುಪ್ರಾರಂಭಿಸಿದರೆ ಸಾಲದು. ಅದನ್ನು ಹೊರಗಿನಿಂದ ಪೂರ್ತಿ ನಿಲ್ಲಿಸಿ, ಹೊಸದಾಗಿ ಹೊರಡಿಸಬೇಕಾಗಿತ್ತು.