ರಕ್ತದೊಳಗಣ ಕರ್ಬೊನ್

ಕಬ್ಬಿಣವೆಂಬ ಪದದ ಹಳಗನ್ನಡ ರೂಪ ‘ಕರ್ಬೊನ್’. ಕರಿದಾದ ಪೊನ್, ಅಂದರೆ ಕರಿಯ ಲೋಹ, ಎಂಬುದು ಅದರ ನಿರ್ವಚನ. ಪೀಣ್ಯದ ಕಾರ್ಖಾನೆಗಳಲ್ಲಿ ಹಗಲಿರುಳೂ ಕಡೆಯಲ್ಪಡುವ ಈ ಲೋಹವೇ ನಮ್ಮ ನೆತ್ತರಿಗೆ ಪ್ರಾಣವಾಯುವನ್ನು ಹೊರುವ ಶಕ್ತಿಯನ್ನಿತ್ತಿದೆ. ಅತಿಯಾದರೆ ಅಮೃತವೂ ವಿಷವೆಂಬ ಮಾತು ಇದಕ್ಕೂ ಸಲ್ಲುತ್ತದೆ. ಥಲಸೇಮಿಯಾ ಎಂಬ ಆನುವಂಶಿಕ ರೋಗವೇ ಅದಕ್ಕೆ ನಿದರ್ಶನ.

ಈ ರೋಗದ ತೀವ್ರರೂಪದಲ್ಲಿ ಮಗುವಿನ ದೇಹವು ಸಾಕಷ್ಟು ಹಿಮೋಗ್ಲೋಬಿನ್ನನ್ನು ನಿರ್ಮಿಸಿಕೊಳ್ಳಲಾರದು. ಎರಡರಿಂದ ಐದು ವಾರಗಳಿಗೊಮ್ಮೆ ಪರರ ರಕ್ತವನ್ನು ಪಡೆಯಲೇಬೇಕು. ಒಂದು ಚೀಲ ರಕ್ತದಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಸ್ವಸ್ಥ ಮನುಷ್ಯನು ಆಹಾರದಿಂದ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಹೆಚ್ಚಾದುದನ್ನು ಹೊರಹಾಕುವ ಮಾರ್ಗವನ್ನು ಪ್ರಕೃತಿಯು ದೇಹಕ್ಕೆ ಕೊಟ್ಟಿಲ್ಲ. ಆಯವುಂಟು, ವ್ಯಯವಿಲ್ಲ. ಹೀಗಾಗಿ ಜೀವವುಳಿಸುವ ರಕ್ತವೇ ಅಂಗಾಂಗಗಳಲ್ಲಿ ಲೋಹವನ್ನು ಪೇರಿಸುತ್ತ ಹೋಗುತ್ತದೆ.

ಯಕೃತ್ತಿನಲ್ಲಿ ಸೇರಿದ ಕಬ್ಬಿಣವು ಅದನ್ನು ಗಡುಸಾಗಿಸುತ್ತದೆ. ಗ್ರಂಥಿಗಳಲ್ಲಿ ಸೇರಿದರೆ ಬೆಳವಣಿಗೆ ಕುಂಠಿತವಾಗಿ ಪ್ರಾಯವು ತಡವಾಗುತ್ತದೆ. ಮೇದೋಜೀರಕ ಗ್ರಂಥಿಯನ್ನು ಕೆಡಿಸಿದರೆ ಮಧುಮೇಹ ಬರುತ್ತದೆ. ಹೃದಯವನ್ನು ಹೊಕ್ಕರಂತೂ ಪ್ರಾಣಕ್ಕೇ ಸಂಚಕಾರ. ಇದೆಲ್ಲವೂ ಬಹುಕಾಲ ನೋವಿಲ್ಲದೆ, ಸದ್ದಿಲ್ಲದೆ ನಡೆಯುವುದೇ ಆತಂಕದ ಸಂಗತಿ.

ಹತ್ತಿಪ್ಪತ್ತು ಬಾರಿ ರಕ್ತ ಪಡೆದ ಮೇಲೆ, ಅಥವಾ ರಕ್ತದಲ್ಲಿನ ಫೆರಿಟಿನ್ ಪ್ರಮಾಣವು ಮಿಲಿಲೀಟರಿಗೆ 1000 ನ್ಯಾನೊಗ್ರಾಂ ದಾಟಿದೊಡನೆ, ಕಬ್ಬಿಣವನ್ನು ಹಿಡಿದು ಹೊರಗೊಯ್ಯುವ ಔಷಧಿಯನ್ನು ಆರಂಭಿಸುವುದು ವೈದ್ಯರ ಪದ್ಧತಿ. ಹೃದಯ, ಯಕೃತ್ತುಗಳಲ್ಲಿನ ಸಂಗ್ರಹವನ್ನು ಎಂ.ಆರ್.ಐ. ಪರೀಕ್ಷೆಯಿಂದ ಅಳೆಯಬಹುದು. ಹಿಂದೆ ಡೆಫೆರಾಕ್ಸಮಿನ್ ಔಷಧಿಯನ್ನು ಪುಟ್ಟ ಪಂಪಿನ ಮೂಲಕ ಇರುಳಿಡೀ ಚರ್ಮದಡಿಗೆ ಹರಿಸುವುದೊಂದೇ ಉಪಾಯವಾಗಿತ್ತು. ಈಗ ಡೆಫೆರಿಪ್ರೋನ್, ಡೆಫೆರಾಸಿರಾಕ್ಸ್ ಎಂಬ ಗುಳಿಗೆಗಳೂ ಉಂಟು. ಮೂಲೋಚ್ಚಾಟನೆಯ ಚಿಕಿತ್ಸೆಯಾದ ಅಸ್ಥಿಮಜ್ಜೆಯ ಕಸಿಯು ಎಲೆಕ್ಟ್ರಾನಿಕ್ ಸಿಟಿಯಾಚೆಯ ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯಲ್ಲಿಯೂ ನಡೆಯುತ್ತದೆ. ಆದರೆ ಹೊಂದುವ ದಾನಿಯೂ ಅಪಾರ ದ್ರವ್ಯವೂ ಬೇಕು.

ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿಜ್ಞಾಪನೆ. ತಿಂಗಳಿಗೊಂದೆರಡು ದಿನ ತಪ್ಪದೆ ಗೈರುಹಾಜರಾಗುವ, ಓರಗೆಯವರಿಗಿಂತ ಗಿಡ್ಡನಾದ ಬಾಲಕನನ್ನು ಗದರುವ ಮುನ್ನ ಕಾರಣವನ್ನು ಕೇಳಿರಿ. ಹದಿಹರೆಯದಲ್ಲಿ ‘ನನಗೇನಾಗಿದೆ?’ ಎಂದು ಗುಳಿಗೆ ಬಿಡುವವರೇ ಹೆಚ್ಚು ಅಪಾಯಕ್ಕೀಡಾಗುವವರು. ಆಗ ಗುರುವಿನ ಒಂದು ಮಾತು ಔಷಧಿಯಷ್ಟೇ ಫಲಕಾರಿ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಈ ರೋಗವನ್ನೂ ಒಳಗೊಂಡಿದೆಯೆಂಬುದನ್ನು ಪೋಷಕರಿಗೆ ತಿಳಿಸಿರಿ.

ತಂದೆತಾಯಿಗಳಿಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲೊಂದು ಪಾಲು ರೋಗದ ಸಂಭವವಿದೆ. ವಿವಾಹಪೂರ್ವದ ರಕ್ತಪರೀಕ್ಷೆಯಿಂದ ಇದನ್ನು ಮೊದಲೇ ಅರಿಯಬಹುದು. ಜಾತಕದೊಡನೆ ಅದನ್ನೂ ನೋಡುವ ವಿವೇಕ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಬರಲಿ. ರಕ್ತದಾನಿಗಳೂ ನೆನಪಿಡಲಿ: ಕೊಟ್ಟ ರಕ್ತವು ಮಗುವನ್ನು ಬದುಕಿಸುತ್ತದೆ, ಆ ಬದುಕು ದೀರ್ಘವಾಗಬೇಕಾದರೆ ಔಷಧಿಗೂ ದಾನಿಗಳು ಬೇಕು.