ಬೆಳಕಿನಲ್ಲೇ ತೋಳವಾದವನು

ಚಿಗಟೇರಿ ಎಂದರೆ ನಾರದಮುನಿ. ಹರಪನಹಳ್ಳಿ ತಾಲ್ಲೂಕಿನ ಈ ಊರಿನ ದೇವರು ಅವನೇ. ಶಿವಪುರಾಣದಲ್ಲಿ ಈ ಮುನಿಯದೊಂದು ಕಥೆಯಿದೆ. ಕಾಮನನ್ನು ಗೆದ್ದೆನೆಂದು ಬೀಗಿದ ನಾರದ ರಾಜಕುಮಾರಿಯೊಬ್ಬಳಿಗೆ ಮನಸೋಲುತ್ತಾನೆ. ಸ್ವಯಂವರಕ್ಕೆ ಹೊರಟವನು ವಿಷ್ಣುವಿನ ರೂಪವನ್ನೇ ಬೇಡುತ್ತಾನೆ. ಮೈಯೆಲ್ಲ ವಿಷ್ಣುವಿನದಾಗುತ್ತದೆ, ಮುಖ ಮಾತ್ರ ಕೋತಿಯದು. ತುಂಬಿದ ಸಭೆಯಲ್ಲಿ ಕೂತ ಅವನಿಗೆ ಅದು ಗೊತ್ತಿಲ್ಲ. ಆಮೇಲೆ ತನ್ನ ಬಿಂಬ ಕಂಡಾಗ ಬರುವ ಸಿಟ್ಟಿಗೆ ವಿಷ್ಣುವೂ ಶಾಪ ಹೊರಬೇಕಾಗುತ್ತದೆ.

ನಗು ತರಿಸುವ ಈ ಪ್ರಸಂಗದೊಳಗೆ ಇರುವ ಭಯವನ್ನು ಹೊರಗೆಳೆದು ನೂರು ಅಡಿ ಪರದೆಯ ಮೇಲೆ ಹರಡಿದ್ದು ಹಾಲಿವುಡ್ಡಿನ ತೋಳಮನುಷ್ಯನ ಸಿನಿಮಾಗಳು. ಹುಣ್ಣಿಮೆಗೆ ಮೈಯಲ್ಲಿ ಕೂದಲು ಮೂಡುತ್ತದೆ, ಹಲ್ಲು ಚೂಪಾಗುತ್ತದೆ. ಬೆಳಗಾದಾಗ ಮತ್ತೆ ಅದೇ ಮನುಷ್ಯ, ಕೈಗೆ ಮಾತ್ರ ರಕ್ತ ಮೆತ್ತಿರುತ್ತದೆ. ರಾತ್ರಿ ಏನು ಮಾಡಿದೆ ಎಂಬುದು ಅವನಿಗೇ ನೆನಪಿಲ್ಲ.

ತೋಳದ ಹೆಸರು ಕೇಳಿದರೆ ನಮ್ಮ ಸೀಮೆಯ ಕುರಿಗಾಹಿಗಳು ಬೇರೆಯದೇ ಮಾತಾಡುತ್ತಾರೆ. ಕುರುಚಲು ಕಾಡಿನ ನಿಜವಾದ ತೋಳ ಬಡಕಲು ಮೈಯದು, ಸಂಕೋಚದ ಪ್ರಾಣಿ. ಅದರ ಕಣ್ಣಿರುವುದು ಹಟ್ಟಿಯ ಮರಿಗಳ ಮೇಲೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಈಗ ತೋಳಗಳಿಗೆಂದೇ ಒಂದು ಧಾಮವಾಗಿದೆ, ಅದು ಆಗಲೇಬೇಕಿತ್ತು. ಸಿನಿಮಾದ ತೋಳ ಅದಲ್ಲ. ಅದು ಮನುಷ್ಯನೊಳಗಿನದು.

ಈ ಬಗೆಯ ಚಿತ್ರಗಳಿಗೆ ತಾಯಿಬೇರು 1941ರ ‘ದಿ ವುಲ್ಫ್ ಮ್ಯಾನ್’. ಯೂನಿವರ್ಸಲ್ ಸ್ಟುಡಿಯೊ ತಯಾರಿಸಿತು, ಜಾರ್ಜ್ ವ್ಯಾಗ್ನರ್ ನಿರ್ದೇಶಿಸಿದರು, ಲಾನ್ ಚೇನಿ ಜೂನಿಯರ್ ನಟಿಸಿದರು. ಕಥೆ ಬರೆದ ಕರ್ಟ್ ಸಿಯೊಡ್ಮಾಕ್ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ. ಇದರಲ್ಲಿ ತೋಳಮನುಷ್ಯ ಮುಂದೆ ಯಾರನ್ನು ಕೊಲ್ಲಲಿದ್ದಾನೋ ಅವರ ಅಂಗೈಯಲ್ಲಿ ನಕ್ಷತ್ರವೊಂದು ಕಾಣಿಸುತ್ತದೆ. ನಕ್ಷತ್ರದ ಗುರುತು ಹೊತ್ತವರು ಸಾಯುವ ಆ ಕಾಲದ ಯುರೋಪನ್ನು ಬಲ್ಲವರಿಗೆ ಈ ಕಲ್ಪನೆ ಎಲ್ಲಿಂದ ಬಂತೆಂದು ಹೇಳಿಕೊಡಬೇಕಿಲ್ಲ.

ಬಣ್ಣ ಹಚ್ಚಿದವರು ಜ್ಯಾಕ್ ಪಿಯರ್ಸ್. ಫ್ರಾಂಕೆನ್‌ಸ್ಟೈನನ ದೈತ್ಯನಿಗೆ ಮುಖ ಕೊಟ್ಟವರೂ ಅವರೇ. ರಬ್ಬರಿನ ಮೂಗು ಅಂಟಿಸಿ, ಯಾಕ್ ಎಂಬ ಹಿಮಾಲಯದ ದನದ ಕೂದಲನ್ನು ಎಳೆಎಳೆಯಾಗಿ ಮುಖಕ್ಕೆ ಅಂಟಿಸುತ್ತ ಹೋಗುವುದು ಅವರ ಪದ್ಧತಿ. ಚೇನಿ ಗಂಟೆಗಟ್ಟಲೆ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ರೂಪ ಬದಲಾಗುವುದನ್ನು ತೋರಿಸಲು ಇನ್ನೂ ದೊಡ್ಡ ತಾಳ್ಮೆ ಬೇಕಿತ್ತು. ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಬೇಕು, ನಟ ಕದಲದೆ ಕೂತಿರಬೇಕು. ಒಂದಷ್ಟು ಕೂದಲು ಅಂಟಿಸಿ ಕೆಲವು ಕ್ಷಣ ಚಿತ್ರೀಕರಿಸುವುದು, ಮತ್ತಷ್ಟು ಅಂಟಿಸಿ ಮತ್ತೆ ಚಿತ್ರೀಕರಿಸುವುದು. ಆಮೇಲೆ ಆ ತುಣುಕುಗಳನ್ನು ಒಂದು ಮಸುಕಾಗುತ್ತಿರುವಂತೆ ಇನ್ನೊಂದು ಮೂಡುವ ಹಾಗೆ ಬೆಸೆದರೆ ಕಣ್ಣೆದುರೇ ಕೂದಲು ಬೆಳೆದಂತೆ ಕಾಣುತ್ತದೆ. 1941ರ ಚಿತ್ರದಲ್ಲಿ ಮನುಷ್ಯ ತೋಳವಾಗುವುದನ್ನು ಕಾಲುಗಳಲ್ಲಷ್ಟೇ ತೋರಿಸಿದ್ದಾರೆ. ಮುಖ ಬದಲಾಗುವುದು ಕಾಣುವುದು ಅವನು ಸತ್ತಾಗ, ತೋಳದಿಂದ ಮನುಷ್ಯನತ್ತ.

ಆ ಸಾವಿಗಾಗಿಯೇ ಈ ಚಿತ್ರವನ್ನು ನೋಡಬೇಕು. ಬೆಳ್ಳಿ ಹಿಡಿಯ ಕೋಲಿನಿಂದ ತೋಳವನ್ನು ಹೊಡೆದು ಕೊಲ್ಲುವವನು ಅವನ ಅಪ್ಪನೇ. ಕೂದಲು ಸರಿದು ಕೆಳಗಿನಿಂದ ಮಗನ ಮುಖ ಬರುತ್ತದೆ. ಅಪ್ಪನ ಪಾತ್ರದ ಕ್ಲಾಡ್ ರೇನ್ಸ್ ಆ ಹೊತ್ತು ಹೆಚ್ಚೇನೂ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಡ್ರಾಕುಲಾ ಕೊಲ್ಲುವುದನ್ನು ಬಯಸಿಯೇ ಕೊಲ್ಲುತ್ತಾನೆ, ಅವನ ಬಗ್ಗೆ ನಮಗೆ ಮರುಕ ಹುಟ್ಟುವುದು ಅಪರೂಪ. ತೋಳಮನುಷ್ಯನೋ, ನನ್ನನ್ನು ಕಟ್ಟಿಹಾಕಿ ಎಂದು ತಾನೇ ಗೋಗರೆಯುವವನು. ಭಯದ ಸಿನಿಮಾದಲ್ಲಿ ಕಣ್ಣೀರು ಬರಿಸಿದ್ದು ಇವನೇ. ಎಂಬತ್ತು ವರ್ಷ ದಾಟಿದರೂ ಜನ ಇವನ ಬಳಿ ಮತ್ತೆ ಮತ್ತೆ ಬರುವುದು ಇದಕ್ಕೇ ಎಂದು ನನ್ನ ನಂಬಿಕೆ. ಕೂದಲು, ಕೋರೆಹಲ್ಲು ಎಷ್ಟೇ ಚೆನ್ನಾಗಿರಲಿ, ಒಳಗಿರುವವನ ಕಣ್ಣು ಕಾಣದಿದ್ದರೆ ಅದು ಬರೀ ಮುಖವಾಡ.

ನಲವತ್ತು ವರ್ಷದ ಬಳಿಕ ಈ ಕಸುಬು ಒಮ್ಮೆಗೇ ಎತ್ತರಕ್ಕೆ ಜಿಗಿಯಿತು. 1981ರ ಒಂದೇ ವರ್ಷದಲ್ಲಿ ಎರಡು ಚಿತ್ರ ಬಂದವು: ಜೋ ಡಾಂಟೆಯ ‘ದಿ ಹೌಲಿಂಗ್’, ಜಾನ್ ಲ್ಯಾಂಡಿಸ್‌ರ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’. ಮೊದಲನೆಯದಕ್ಕೆ ಬಣ್ಣಗಾರಿಕೆ ಮಾಡಿದವರು ರಾಬ್ ಬಾಟಿನ್, ಎರಡನೆಯದಕ್ಕೆ ಅವರ ಗುರು ರಿಕ್ ಬೇಕರ್. ಬಾಟಿನ್ ರಬ್ಬರಿನ ಚರ್ಮದಡಿ ಗಾಳಿಚೀಲಗಳನ್ನಿಟ್ಟು ಊದಿಸಿದರು. ಕೆನ್ನೆ, ಕತ್ತು ಒಳಗಿನಿಂದ ಕುದಿದು ಉಬ್ಬಿದಂತೆ ಕಂಡವು. ಬೇಕರ್ ನಟನದೇ ಅಚ್ಚು ತೆಗೆದು, ಎಳೆದರೆ ಹಿಗ್ಗುವ ಚರ್ಮದ ತಲೆ, ಕೈಗಳನ್ನು ಮಾಡಿ ಒಳಗಿನಿಂದ ಯಂತ್ರದಿಂದ ನೂಕಿಸಿದರು. ಅಂಗೈ ಉದ್ದವಾಗುತ್ತದೆ, ಮುಖ ಮುಂದಕ್ಕೆ ಚಾಚಿ ಮೂತಿಯಾಗುತ್ತದೆ. ಕೂದಲು ಬೆಳೆಯುವ ದೃಶ್ಯದ ಗುಟ್ಟು ಇನ್ನೂ ಸೊಗಸು: ಕೃತಕ ಚರ್ಮದಲ್ಲಿ ನೆಟ್ಟ ಕೂದಲನ್ನು ಹಿಂದಿನಿಂದ ಒಳಕ್ಕೆಳೆಯುತ್ತ ಚಿತ್ರೀಕರಿಸಿ, ಫಿಲ್ಮನ್ನು ಹಿಂದುಮುಂದಾಗಿ ಓಡಿಸಿದ್ದು. ಕೊನೆಯ ಹಂತದಲ್ಲಿ ನಟ ಡೇವಿಡ್ ನಾಟನ್ ನೆಲದ ತೂತಿನೊಳಗೆ ಇಳಿದಿದ್ದರು. ಹೊರಗೆ ತಲೆ, ತೋಳು ಮಾತ್ರ ಅವರದು, ಮಿಕ್ಕ ಮೈ ಬೊಂಬೆಯದು.

ಇಷ್ಟೆಲ್ಲ ಆದದ್ದು ದೀಪ ಉರಿಯುತ್ತಿರುವ ಒಂದು ಮನೆಯ ನಡುಕೋಣೆಯಲ್ಲಿ. ಹೊಗೆಯಿಲ್ಲ, ಕತ್ತಲಿಲ್ಲ, ಅಡಗಿಸಲು ಯಾವ ನೆಪವೂ ಇಲ್ಲ. ಹಿನ್ನೆಲೆಯಲ್ಲಿ ‘ಬ್ಲೂ ಮೂನ್’ ಹಾಡು ಮೆಲ್ಲಗೆ ಕೇಳುತ್ತಿರುತ್ತದೆ, ಮುಂದೆ ಮೂಳೆ ಲಟಲಟ ಎನ್ನುತ್ತದೆ, ಅವನು ನೋವಿನಿಂದ ಅರಚುತ್ತಾನೆ. ಮೈ ಮುರಿದು ಇನ್ನೊಂದು ಮೈಯಾಗುವಾಗ ನೋಯದೆ ಇದ್ದೀತೇ ಎಂದು ಯೋಚಿಸಿದ್ದೇ ಲ್ಯಾಂಡಿಸ್‌ರ ದೊಡ್ಡತನ. ಆಸ್ಕರ್‌ನಲ್ಲಿ ಪ್ರಸಾಧನಕ್ಕೆಂದು ಕಾಯಂ ಪ್ರಶಸ್ತಿ ಶುರುವಾದದ್ದು ಆ ವರ್ಷ, ಮೊದಲು ಪಡೆದವರು ಬೇಕರ್. ಲ್ಯಾಂಡಿಸ್–ಬೇಕರ್ ಜೋಡಿಯೇ 1983ರಲ್ಲಿ ಮೈಕೆಲ್ ಜಾಕ್ಸನ್‌ಗೆ ಹಳದಿ ಕಣ್ಣು ಕೊಟ್ಟು ‘ಥ್ರಿಲ್ಲರ್’ ಹಾಡಿನ ವಿಡಿಯೊ ಮಾಡಿತು. ಬೇಕರ್ ಯಾರೆಂದು ತಿಳಿಯದ ಎಷ್ಟೋ ಜನ ಅವರ ಕೈಚಳಕ ನೋಡಿದ್ದು ಅದರಲ್ಲೇ.

ಬೆಳಕಿನ ಮಾತು ಬಂದಾಗ ಹಗಲುವೇಷದವರನ್ನು ನೆನೆಯದೆ ಇರಲಾರೆ. ಬಳ್ಳಾರಿ ಸೀಮೆಯಲ್ಲಿ ದೊಡ್ಡಾಟ ರಾತ್ರಿಯದು. ಭುಜಕೀರ್ತಿ, ಕಿರೀಟ ಹೊತ್ತ ರಕ್ಕಸ ಅಬ್ಬರಿಸುತ್ತ ಬರುವಾಗ ದೀಪ ಮತ್ತು ನೆರಳು ಅವನ ಪರವಾಗಿ ಅರ್ಧ ಕೆಲಸ ಮಾಡುತ್ತವೆ. ಹಗಲುವೇಷಗಾರರಿಗೆ ಆ ಸವಲತ್ತಿಲ್ಲ. ಊರಾಚೆ ಬಿಡಾರ ಹೂಡಿ, ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬಳಿದುಕೊಂಡು, ದಿನಕ್ಕೊಂದು ವೇಷದಲ್ಲಿ ನಡು ಮಧ್ಯಾಹ್ನ ಮನೆಮನೆಯ ಮುಂದೆ ನಿಲ್ಲುತ್ತಾರೆ. ಇವತ್ತು ಹನುಮಂತ, ನಾಳೆ ಶೂರ್ಪನಖಿ. ಮಕ್ಕಳು ಕೈಚಾಚಿದರೆ ಮುಟ್ಟುವಷ್ಟು ಹತ್ತಿರ. ಬೆವರು ಕಾಣುತ್ತದೆ, ಬಣ್ಣದ ಅಂಚು ಕಾಣುತ್ತದೆ. ಆದರೂ ಮಗು ಅವ್ವನ ಸೆರಗಿಗೆ ಅಂಟಿಕೊಳ್ಳುತ್ತದೆ. ಬೇಕರ್ ಲಕ್ಷಗಟ್ಟಲೆ ಡಾಲರಿನ ಸ್ಟುಡಿಯೊದಲ್ಲಿ ಎದುರಿಸಿದ ಸವಾಲನ್ನು ಇವರು ಒಂದು ಪೆಟ್ಟಿಗೆ ಬಣ್ಣದಲ್ಲಿ ತಲೆಮಾರುಗಳಿಂದ ಎದುರಿಸಿದ್ದಾರೆ. ಅವರಿಗೆ ಸಿಗಬೇಕಾದ ಮರ್ಯಾದೆ ಇನ್ನೂ ಸಿಕ್ಕಿಲ್ಲ. ಕೊನೆಯ ದಿನ ಮನೆಯವರು ಮೊರದಲ್ಲಿ ಸುರಿಯುವ ಕಾಳನ್ನು ಭಿಕ್ಷೆಯೆಂದು ಕರೆಯುವುದನ್ನಾದರೂ ನಾವು ಬಿಡಬೇಕು.

ನಮ್ಮ ದೇಶದ ಸಿನಿಮಾ ಈ ಕಥೆಯನ್ನು ತನ್ನ ಕಾಡಿಗೆ ಒಗ್ಗಿಸಿಕೊಂಡಿತು. ಮಹೇಶ್ ಭಟ್‌ರ ‘ಜುನೂನ್’ (1992) ಚಿತ್ರದಲ್ಲಿ ರಾಹುಲ್ ರಾಯ್ ಹುಣ್ಣಿಮೆಗೆ ಹುಲಿಯಾಗುತ್ತಾನೆ. ಇದು ಸರಿಯಾದ ಆಯ್ಕೆ. ಮೊಹರಂಗೆ ಹರಕೆ ಹೊತ್ತು ಹುಲಿವೇಷ ಹಾಕುವ ನಾಡಿನಲ್ಲಿ ಮೈಮೇಲೆ ಬರುವ ಮೃಗ ಹುಲಿಯೇ. ‘ಭೇಡಿಯಾ’ (2022) ಅರುಣಾಚಲದ ಕಾಡಿಗೆ ಹೋಗಿ ತೋಳವನ್ನೇ ತಂದಿತು, ಆದರೆ ಕಂಪ್ಯೂಟರಿನಿಂದ. ಹಾಲಿವುಡ್‌ನಲ್ಲೂ ಅದೇ ಆಯಿತು. 2010ರ ‘ದಿ ವುಲ್ಫ್‌ಮ್ಯಾನ್’ಗೆ ಬೇಕರ್ ಮತ್ತೆ ಬಣ್ಣ ಹಚ್ಚಿ ಮತ್ತೆ ಆಸ್ಕರ್ ಗೆದ್ದರೂ, ರೂಪ ಬದಲಾಗುವ ದೃಶ್ಯವನ್ನು ಕಂಪ್ಯೂಟರಿಗೇ ಒಪ್ಪಿಸಲಾಗಿತ್ತು. ಅಲ್ಲಿ ಎಲ್ಲವೂ ನುಣುಪು. ಚರ್ಮಕ್ಕೆ ತೂಕವಿಲ್ಲ, ಎದುರಿನ ನಟನಿಗೆ ಹೆದರಲು ಕಣ್ಣೆದುರು ಏನೂ ಇಲ್ಲ. ಕಂಪ್ಯೂಟರನ್ನು ನಾನು ಹಳಿಯುತ್ತಿಲ್ಲ, ಕಾಡಿನಲ್ಲಿ ತೋಳ ಓಡಿಸಲು ಅದೇ ಬೇಕು. ಮನುಷ್ಯ ನರಳುವ ಆ ಒಂದು ನಿಮಿಷವನ್ನಾದರೂ ಕೈಕೆಲಸದವರಿಗೆ ಬಿಡಬೇಕಿತ್ತು.

ಹೊಸದಾಗಿ ನೋಡುವವರು 1941ರದನ್ನು ಮೊದಲು ನೋಡಲಿ, ಒಂದು ಗಂಟೆ ಹತ್ತು ನಿಮಿಷದ ಕಪ್ಪು–ಬಿಳುಪು ಚಿತ್ರ, ಮಕ್ಕಳ ಜೊತೆಗೂ ಕೂರಬಹುದು. 1981ರ ಲಂಡನ್ನಿನ ತೋಳ ದೊಡ್ಡವರಿಗೆ ಮಾತ್ರ. ಅದರಲ್ಲಿ ರಕ್ತವೂ ಇದೆ, ಬೆತ್ತಲೆಯೂ ಇದೆ. ರೂಪ ಬದಲಾಗುವ ದೃಶ್ಯವನ್ನು ಒಮ್ಮೆ ಸುಮ್ಮನೆ ನೋಡಿ. ಇನ್ನೊಮ್ಮೆ ಶಬ್ದ ನಿಲ್ಲಿಸಿ, ಪ್ರತಿ ತುಣುಕಿನಲ್ಲೂ ನಟನ ನಿಜವಾದ ಮೈ ಎಲ್ಲಿ ಮುಗಿಯಿತು, ರಬ್ಬರು ಎಲ್ಲಿ ಶುರುವಾಯಿತು ಎಂದು ಹುಡುಕಿ.