ಬೂದಿದಿಬ್ಬದ ಬಳಿಯ ಸಂತೆ

ಬಳ್ಳಾರಿ ಬಳಿಯ ಕುಡತಿನಿ ಎಂದರೆ ಈಗ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಹಾರುಬೂದಿ ನೆನಪಾಗುತ್ತದೆ. ಅಲ್ಲಿ ಇನ್ನೊಂದು ಬೂದಿಯೂ ಇದೆ: ನವಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟ ದಿಬ್ಬ. ಇಂಥ ಬೆಂಕಿಗಳಿಗೂ ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವ ಆಚರಣೆಗೂ ನಂಟು ಕಂಡವರು ಪುರಾತತ್ವಜ್ಞ ಆಲ್ಚಿನ್. ಚದುರಿದ ಹಟ್ಟಿಗಳ ಜನ ದಿಬ್ಬಗಳ ಬಳಿ ಕೂಡುತ್ತಿದ್ದರೆಂಬುದು ವಿದ್ವಾಂಸರ ಊಹೆ.

ಆ ಕಾಲದ ತಂತ್ರಜ್ಞಾನವೆಂದರೆ ಕಲ್ಲಿನ ಕೊಡಲಿ. ಹತ್ತಿರದ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಅದು ಊರಿನ ಅಗತ್ಯ ಮೀರಿ ತಯಾರಾಗುತ್ತಿತ್ತು. ಅದು ಕೈ ಬದಲಾದದ್ದು ಇಂಥ ಕೂಟಗಳಲ್ಲೇ ಇರಬಹುದು. ಕೊಡಲಿಯ ತೂಕ, ಅಲಗು ಕೈಗೆತ್ತಿಕೊಂಡರೇ ತಿಳಿಯುವುದು. ಮಾಡಿದವನು ಎದುರಿಗಿದ್ದರೆ ನಂಬಿಕೆಯೂ ಹುಟ್ಟೀತು.

1998ರ ಬೆಂಗಳೂರು ಐಟಿ.ಕಾಂ ಮೇಳದಿಂದ ಇಂದಿನ ಟೆಕ್ ಶೃಂಗಸಭೆಯವರೆಗೆ, ಪರದೆಯ ಮೇಲೇ ಎಲ್ಲ ಮಾರಬಲ್ಲ ಕಂಪನಿಗಳೂ ಮಳಿಗೆ ಹಾಕುವುದು ಈ ನಂಬಿಕೆಗಾಗಿಯೇ. ಹಳೆಯ ಕೂಟಗಳ ಸಾಕ್ಷಿಯಾದ ಎಷ್ಟೋ ದಿಬ್ಬಗಳ ಬೂದಿಯನ್ನು ಮಾತ್ರ ಜನ ಅಗೆದು ಹೊಲಗಳಿಗೆ ಸಾಗಿಸಿದ್ದಾರೆ.